ಸಿಂಕಿಗೆ ಸುರಿದ ಹರಕೆ

ನಾನು ಕನ್ನಡ ಸಂಘದ ವಾಟ್ಸಾಪ್ ಗುಂಪು ಬಿಟ್ಟದ್ದು ಯಾಕೆ ಎಂದು ಈಗಲೂ ಕೇಳುವವರಿದ್ದಾರೆ. ಆಕ್ಲೆಂಡಿನ ಸ್ಯಾಂಡ್ರಿಂಗಮ್ ರಸ್ತೆಯ ದಿನಸಿ ಅಂಗಡಿಯಲ್ಲಿ ಕರಿಬೇವು ಆರಿಸುತ್ತಿರುವಾಗ ಪಕ್ಕಕ್ಕೆ ಬಂದು ನಿಂತು, "ಏನ್ ಮೇಡಂ, ಕಾಣಿಸೋದೇ ಇಲ್ಲ?" ಅನ್ನುತ್ತಾರೆ. ಕೆಲಸ ಜಾಸ್ತಿ ಎಂದು ಜಾರಿಕೊಳ್ಳುತ್ತೇನೆ. ಕೆಲಸವೇನೂ ಜಾಸ್ತಿಯಿಲ್ಲ. ಹಾಲಿನ ಪುಡಿ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ನನ್ನ ಪಾಳಿ ಮಧ್ಯಾಹ್ನವೇ ಮುಗಿಯುತ್ತದೆ. ನಿಜವಾದ ಕಾರಣ ಅಸಹ್ಯ. ಒಂದು ಯುಗಾದಿಯ ಭಾನುವಾರ ಹುಟ್ಟಿದ ಅಸಹ್ಯ. ಅದನ್ನು ಕರಿಬೇವಿನ ಬುಟ್ಟಿಯ ಮುಂದೆ ನಿಂತು ಹೇಗೆ ಹೇಳುವುದು?

ನಮ್ಮ ಪಕ್ಕದ ಮನೆಗೆ ಒಬ್ಬ ಅಜ್ಜಿ ಬಂದರು. ಅಟ್ಲಾಂಟಿಕ್ ಸಾಗರದ ನಡುವೆ ಪೋರ್ಚುಗಲ್ಲಿಗೆ ಸೇರಿದ ಅಜೋರ್ಸ್ ಎಂಬ ದ್ವೀಪಗಳಿವೆ. ಅಜ್ಜಿ ಹುಟ್ಟಿದ್ದು ಅಲ್ಲಿ, ಬೆಳೆದದ್ದು ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ಬಂದರು ಊರಿನಲ್ಲಿ, ಮುದುಕಿಯಾದದ್ದು ಆಕ್ಲೆಂಡಿನಲ್ಲಿ. ಇಲ್ಲಿ ನೌಕರಿ ಹಿಡಿದ ಮಗಳು ಕರೆಸಿಕೊಂಡಿದ್ದಳು. ಆ ಮಗಳಿಗೆ ಪೋರ್ಚುಗೀಸ್ ಅರ್ಥವಾಗುತ್ತದೆ, ಬಾಯಲ್ಲಿ ಬರುವುದು ಇಂಗ್ಲಿಷ್ ಮಾತ್ರ. ನನ್ನ ಮಗನದೂ ಅದೇ ಕಥೆ, ಭಾಷೆ ಬೇರೆ ಅಷ್ಟೇ. ಹಾಗಾಗಿ ನಾನೂ ಅಜ್ಜಿಯೂ ಬೇಲಿಯ ಆಚೀಚೆ ನಿಂತು ಮಕ್ಕಳನ್ನು ಬೈದುಕೊಳ್ಳುತ್ತಾ ಹತ್ತಿರವಾದೆವು.

ಅಜ್ಜಿಗೆ ಕಥೆ ಹೇಳುವ ಚಟ. ಅವರ ದ್ವೀಪಗಳ ಗಂಡಸರು ಮೊದಲು ಅಮೆರಿಕಕ್ಕೆ ಹೋದದ್ದು ತಿಮಿಂಗಿಲ ಹಿಡಿಯುವ ಹಡಗುಗಳಲ್ಲಿ ಕೂಲಿಗಳಾಗಿಯಂತೆ. ಆಮೇಲೆ ಬಟ್ಟೆ ಗಿರಣಿಗಳು ಬಂದವು, ಹೆಂಗಸರೂ ಮಕ್ಕಳೂ ಹೋದರು. ಮರದ ಮೂರಂತಸ್ತಿನ ಮನೆಗಳು, ಅಂತಸ್ತಿಗೊಂದು ಸಂಸಾರ. ಹಿತ್ತಲಲ್ಲಿ ಒಂದು ದ್ರಾಕ್ಷಿ ಚಪ್ಪರ, ನಾಲ್ಕು ಸಾಲು ಎಲೆಕೋಸು. ಅಪ್ಪ ಮೀನಿನ ದೋಣಿಯಲ್ಲಿ, ಅಮ್ಮ ಹೊಲಿಗೆ ಕಾರ್ಖಾನೆಯಲ್ಲಿ. ಶಾಲೆಯಲ್ಲಿ ಟೀಚರಮ್ಮ ಇವರ ಹೆಸರು ನಾಲಿಗೆಗೆ ಹೊರಳುವುದಿಲ್ಲ ಎಂದು ತಾನೇ ಒಂದು ಇಂಗ್ಲಿಷ್ ಹೆಸರಿಟ್ಟಳಂತೆ. ಅಜ್ಜಿಯ ಪಾಸ್‌ಪೋರ್ಟಿನಲ್ಲಿ ಇವತ್ತಿಗೂ ಅದೇ ಹೆಸರಿದೆ.

ಆ ಊರಿಗೆ ಆಫ್ರಿಕಾದ ಪಕ್ಕದ ಕೇಪ್ ವರ್ಡಿನವರು ಬಂದರು, ಎಷ್ಟೋ ಕಾಲದ ಮೇಲೆ ಬ್ರೆಜಿಲ್ಲಿನವರೂ ಬಂದರು. ಪೋರ್ಚುಗೀಸ್ ಎಲ್ಲರಿಗೂ ಗೊತ್ತು, ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಅಜ್ಜಿಯ ದ್ವೀಪದವರು ಕೇಪ್ ವರ್ಡಿನ ಕಪ್ಪು ಜನರನ್ನು ತಮ್ಮ ಕ್ಲಬ್ಬಿನೊಳಗೆ ಬಿಟ್ಟುಕೊಳ್ಳಲಿಲ್ಲ. ಬ್ರೆಜಿಲ್ಲಿನವರು ದ್ವೀಪದವರ ಮಾತು ಕೇಳಿ ಬಿದ್ದು ಬಿದ್ದು ನಕ್ಕರು. ನಾನು ಅಜ್ಜಿಗೆ ನಮ್ಮ ಸಂಘದಲ್ಲಿ ಬೆಂಗಳೂರಿನವರು ಹುಬ್ಬಳ್ಳಿಯವರ ಮಾತನ್ನು ಸ್ಕಿಟ್ ಮಾಡಿ ನಗುವುದನ್ನು ಹೇಳಿದೆ. ಅಜ್ಜಿಗೆ ಆಶ್ಚರ್ಯವಾಗಲಿಲ್ಲ.

"ವರ್ಷಕ್ಕೊಂದು ದಿನ ಮಾತ್ರ ನಾವು ಮನುಷ್ಯರಾಗ್ತಿದ್ವಿ," ಅಂದರು.

ಅದು ಪವಿತ್ರಾತ್ಮದ ಹಬ್ಬ. ಹಿಂದೆ ಯಾವಾಗಲೋ ಬರಗಾಲ ಬಂದಾಗ ಅವರ ರಾಣಿಯೊಬ್ಬಳು ತನ್ನ ಕಿರೀಟವನ್ನೇ ತೆಗೆದು ಒಬ್ಬ ಬಡವನ ತಲೆಗಿಟ್ಟು, ಊರಿಗೆಲ್ಲ ಊಟ ಹಾಕಿದಳಂತೆ. ಆ ನೆನಪಿಗೆ ಹಬ್ಬದ ದಿನ ಕಿರೀಟ ಸಾಮಾನ್ಯರಲ್ಲಿ ಸಾಮಾನ್ಯರಾದವರ ತಲೆಗೆ ಹೋಗುತ್ತದೆ. ದೊಡ್ಡ ಹಂಡೆಗಳಲ್ಲಿ ಸಾರು ಕುದಿಯುತ್ತದೆ. ದಪ್ಪ ಬ್ರೆಡ್ಡಿನ ತುಂಡುಗಳ ಮೇಲೆ ಪುದೀನಾ ಇಟ್ಟು, ಅದರ ಮೇಲೆ ಕುದಿಯುವ ಸಾರು ಹೊಯ್ದು, ಬಂದವರಿಗೆಲ್ಲ ಬಡಿಸುತ್ತಾರೆ. ನೀನು ಯಾರು ಎಂದು ಕೇಳುವ ಹಾಗಿಲ್ಲ. ಏನಾದರೂ ಕಷ್ಟ ಬಂದಾಗ ಈ ಊಟವನ್ನೇ ಹರಕೆ ಹೊರುತ್ತಾರೆ, ಮತ್ತು ಹರಕೆಯ ಊಟ ಅಕ್ಕಪಕ್ಕದವರ ಹೊಟ್ಟೆಗೆ ಬಿದ್ದರೇ ಅದು ಸಂದಂತೆ.

ಅಜ್ಜಿಯ ಮಗಳಿಗೆ ಎದೆಯಲ್ಲಿ ಗಂಟಾಗಿತ್ತು. ಆಪರೇಷನ್ ಆಯಿತು, ಡಾಕ್ಟರು ಇನ್ನು ಭಯವಿಲ್ಲ ಅಂದರು. ಅಜ್ಜಿ ಹರಕೆ ಹೊತ್ತುಬಿಟ್ಟಿದ್ದರು. ಮಗಳು ಇದೆಲ್ಲ ಹುಚ್ಚು ಎಂದು ಬಾಗಿಲು ಹಾಕಿಕೊಂಡಳು. ಹರಕೆ ತೀರಿಸದಿದ್ದರೆ ಆ ಗಂಟು ತಿರುಗಿ ಬರುತ್ತದೆ ಎನ್ನುವುದು ಅಜ್ಜಿಯ ಒಳಗಿನ ಭಯ. ಬಾಯಿಬಿಟ್ಟು ನನಗೊಬ್ಬಳಿಗೇ ಹೇಳಿದರು.

"ಆದ್ರೆ ಅಜ್ಜಿ, ಸಾರು ಯಾವುದರದು?" ಎಂದು ಕೇಳಿದೆ.

ದನದ ಮಾಂಸದ್ದು. ಅದಕ್ಕೆ ಒಂದಿಷ್ಟು ವೈನು. ನಮ್ಮ ಬೀದಿಯಲ್ಲಿರುವವರು ಗುಜರಾತಿಗಳು, ತೆಲುಗಿನವರು, ನಾವು.

ನನ್ನ ಮಾತನ್ನೂ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಮೊಟ್ಟೆ ಒಡೆದ ವಾಸನೆಗೇ ಮೂಗು ಮುಚ್ಚಿಕೊಳ್ಳುತ್ತಿದ್ದ ಮನೆಯಲ್ಲಿ ಬೆಳೆದವಳು ನಾನು. ಅಜ್ಜಿಯ ಅಡುಗೆಮನೆಯಲ್ಲಿ ಮೂಳೆ ಕುದಿಯುವ ದಿನ ನಮ್ಮ ಮನೆಯ ಕಿಟಕಿಗಳೆಲ್ಲ ಮುಚ್ಚಿರುತ್ತವೆ. ಅದು ನನ್ನ ಮೂಗಿನ ಹಣೆಬರಹ, ಅಜ್ಜಿಯ ತಪ್ಪಲ್ಲ. ಅಜ್ಜಿಗೂ ಇದು ಗೊತ್ತಿತ್ತು. "ನೀವು ಈರುಳ್ಳಿ ತಿಂತೀರಾ?" ಎಂದು ಕೇಳಿದರು. ನಾನು ತಿನ್ನುತ್ತೇನೆ, ಕೆಲವರು ಹಬ್ಬದ ದಿನ ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ ಅಂದೆ. ತಲೆಯಾಡಿಸಿದರು.

ಆ ತಿಂಗಳು ಸಂಘದ ಯುಗಾದಿ ಕಾರ್ಯಕ್ರಮಕ್ಕೆ ಸಮುದಾಯ ಭವನ ಹಿಡಿದಿದ್ದರು. ಅಜ್ಜಿಯ ಹರಕೆಯ ಊಟ ಬಡಿಸಲು ಅಡುಗೆಮನೆಯ ಒಂದು ಮೂಲೆ ಸಿಕ್ಕೀತೇ ಎಂದು ಅಧ್ಯಕ್ಷರನ್ನು ಕೇಳಿದೆ. ಪೋರ್ಚುಗೀಸ್ ಎಂಬ ಪದ ಕಿವಿಗೆ ಬಿದ್ದದ್ದೇ ತಡ, ಮನುಷ್ಯನ ಮುಖ ಅರಳಿತು. ಸಂಘದ ಸಮಾರಂಭಗಳಿಗೆ ಬೇರೆ ಜನಾಂಗದವರು ಯಾರೂ ಬರುವುದಿಲ್ಲ ಎಂದು ಭವನ ಬಾಡಿಗೆಗೆ ಕೊಡುವ ನಗರ ಕೌನ್ಸಿಲ್ಲಿನವರು ಮೂಗು ಮುರಿದಿದ್ದರಂತೆ.

"ಮೇಡಂ, ಸೂಪರ್. ಅಜ್ಜಿನ ಸ್ಟೇಜ್ ಮೇಲೆ ಕೂರಿಸಿ ಸನ್ಮಾನ ಮಾಡೋಣ. ಆದ್ರೆ ಬೀಫ್ ಮಾತ್ರ ಕಿಚನ್ ಒಳಗೆ ಬರೋ ಹಾಗಿಲ್ಲ. ಸೆಂಟಿಮೆಂಟು ನೋಡಿ."

ಇದೇ ಮನುಷ್ಯ ತಮ್ಮ ಕಂಪನಿಯ ಬಾರ್ಬೆಕ್ಯೂನಲ್ಲಿ ದನದ ಪಕ್ಕೆಲುಬು ಚೀಪುತ್ತಾ ನಿಂತಿದ್ದನ್ನು ನಾನೂ ನನ್ನ ಗಂಡನೂ ಕಣ್ಣಾರೆ ನೋಡಿದ್ದೇವೆ. ಗಡ್ಡದ ಮೇಲೆ ಎಣ್ಣೆ ಇಳಿಯುತ್ತಿತ್ತು. ತಿನ್ನಲಿ, ಅವರ ಬಾಯಿ, ಅವರ ಹೊಟ್ಟೆ. ಗಡ್ಡ ಒರೆಸಿಕೊಂಡು ಬಂದು ನನಗೆ ಸೆಂಟಿಮೆಂಟು ಹೇಳುತ್ತಾರಲ್ಲ, ನನಗೆ ಮೈ ಉರಿಯುವುದು ಅದಕ್ಕೆ.

ಭಾನುವಾರ ಬೆಳಿಗ್ಗೆ ಅಜ್ಜಿಯ ಅಡುಗೆಮನೆಗೆ ಹೋದರೆ ಒಲೆಯ ಮೇಲೆ ಎರಡು ಪಾತ್ರೆಗಳಿದ್ದವು. ಒಂದು ಅವರ ಹಳೆಯ ಹಂಡೆ, ಮಾಂಸದ್ದು. ಇನ್ನೊಂದು ಹೊಚ್ಚಹೊಸ ಸ್ಟೀಲ್ ಡಬರಿ, ನಮ್ಮ ಇಂಡಿಯನ್ ಅಂಗಡಿಯಿಂದ ತಂದದ್ದು. ಅಂಟಿಸಿದ್ದ ಚೀಟಿಯನ್ನು ಉಗುರಿನಲ್ಲಿ ಕೆರೆದ ಗುರುತು ಇನ್ನೂ ಇತ್ತು. ಅದರಲ್ಲಿ ಎಲೆಕೋಸು, ಆಲೂಗಡ್ಡೆ, ಕಡಲೆಕಾಳು, ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟ ಜೀರಿಗೆ, ಚಕ್ಕೆ, ಲವಂಗ. ಈರುಳ್ಳಿಯಿಲ್ಲ, ಬೆಳ್ಳುಳ್ಳಿಯಿಲ್ಲ. ಸೌಟು ಕೂಡ ಹೊಸದು.

"ಇದು ನಿಮ್ಮವರಿಗೆ," ಅಂದರು ಅಜ್ಜಿ. "ಎರಡೂ ಹರಕೆಯದೇ. ಎರಡೂ ಖಾಲಿಯಾಗಬೇಕು."

ಎಂಬತ್ತರ ಹತ್ತಿರದ ಹೆಂಗಸು. ನಾನು ಡಬರಿಗೆ ಮುಚ್ಚಳ ಹಾಕಿದೆ.

ಭವನಕ್ಕೆ ಹೋದ ಮೇಲೆ ಡಬರಿಯನ್ನು ನಾನೇ ಎತ್ತಿಕೊಂಡು ಹೋಗಿ ಅಡುಗೆಮನೆಯ ಒಲೆಯ ಮೇಲಿಟ್ಟೆ. ಮಾಂಸದ ಹಂಡೆ ನಮ್ಮ ಕಾರಿನ ಡಿಕ್ಕಿಯಲ್ಲಿ, ಕಂಬಳಿ ಸುತ್ತಿಕೊಂಡು ಕೂತಿತು. ಅಧ್ಯಕ್ಷರನ್ನು ಹಿಡಿದು ನಿಲ್ಲಿಸಿ, ಸ್ಟೀಲ್ ಡಬರಿಯಲ್ಲಿರುವುದು ಶುದ್ಧ ಸಸ್ಯಾಹಾರ, ಈರುಳ್ಳಿ ಕೂಡ ಇಲ್ಲ, ಎಲ್ಲರಿಗೂ ತಿಳಿಸಿ ಅಂದೆ. "ಅನೌನ್ಸ್ ಮಾಡ್ತೀನಿ ಬಿಡಿ ಮೇಡಂ," ಅಂದರು. ಅವರ ಕಣ್ಣು ಬಾಗಿಲ ಕಡೆ ಇತ್ತು. ಮುಖ್ಯ ಅತಿಥಿ ಬರುವವರಿದ್ದರು. ನನ್ನನ್ನು ಹೊರಗೆ ಕಾರಿನ ಹತ್ತಿರ ನಿಲ್ಲಲು ಹೇಳಿದರು. ಯಾರಾದರೂ ಗೊತ್ತಿಲ್ಲದೆ ಹಂಡೆ ಒಳಗೆ ತಂದುಬಿಟ್ಟರೆ ಎನ್ನುವ ಭಯ. ಕಿಟಕಿಯ ಗಾಜಿನಲ್ಲಿ ಸ್ಟೇಜು ಕಾಣಿಸುತ್ತಿತ್ತು, ಸ್ಪೀಕರು ಬೀದಿಗೆಲ್ಲ ಕೇಳಿಸುತ್ತಿತ್ತು.

ಮುಖ್ಯ ಅತಿಥಿ ಮನೆ ಮಾರಿಸುವ ಏಜೆಂಟು. ನಮ್ಮ ಕಡೆಯ ಯಾವ ಬಸ್ ಸ್ಟಾಪಿನಲ್ಲಿ ಕುಳಿತರೂ ಬೆನ್ನ ಹಿಂದಿನ ಜಾಹೀರಾತಿನಲ್ಲಿ ಆತನ ಹಲ್ಲುಗಳಿರುತ್ತವೆ. ಆತ ಬಂದ ಮೇಲೆ ದೀಪ ಬೆಳಗಿದರು. ಸ್ವಾಗತ ಭಾಷಣ, ಪ್ರಾಸ್ತಾವಿಕ ಭಾಷಣ, ಪ್ರಾಯೋಜಕರ ಎರಡು ಮಾತು, ಅದು ಇಪ್ಪತ್ತು ನಿಮಿಷ. ಚಿಕ್ಕ ಮಕ್ಕಳ ಡ್ಯಾನ್ಸು, ದೊಡ್ಡ ಮಕ್ಕಳ ಡ್ಯಾನ್ಸು, ಅಮ್ಮಂದಿರ ಡ್ಯಾನ್ಸು. ಮೈಕು ಕಿರ್ರೆನ್ನುವುದು, ಒಬ್ಬರು "ಹಲೋ ಹಲೋ" ಎಂದು ಅದಕ್ಕೆ ಉಗುಳುವುದು. ಸಾರು ಬಿಸಿಯಿದ್ದರೆ ಮಾತ್ರ ಬ್ರೆಡ್ಡು ನೆನೆಯುವುದು ಎಂದು ಅಜ್ಜಿ ನಾಲ್ಕು ಸಲ ಹೇಳಿದ್ದರು. ಯಾರಿಗೆ ಬೇಕು? ಡಬರಿಯ ಅನೌನ್ಸ್‌ಮೆಂಟ್ ಕೂಡ ಬರಲಿಲ್ಲ.

ಆಮೇಲೆ ಸನ್ಮಾನ. ಅಜ್ಜಿಗೆ ಶಾಲು ಹೊದಿಸಿದರು, ಹಾರ ಹಾಕಿದರು, ತಲೆಗೆ ಮೈಸೂರು ಪೇಟ ಇಟ್ಟರು. ಪೇಟ ದೊಡ್ಡದಾಗಿ ಕಣ್ಣಿನವರೆಗೂ ಜಾರಿತು. ಅಜ್ಜಿಯ ತೊಡೆಯ ಮೇಲೆ ಅವರ ತಾಯಿಯ ಕಾಲದ ಕಿರೀಟವಿತ್ತು. ಬೆಳ್ಳಿಯ ಲೇಪ ಅಲ್ಲಲ್ಲಿ ಎದ್ದುಹೋದ ಪುಟ್ಟ ಕಿರೀಟ. ಅದನ್ನು ಅಂದು ಯಾರ ತಲೆಗಿಡಬೇಕೆಂದು ಅಜ್ಜಿ ನಿರ್ಧರಿಸಿಯೂ ಆಗಿತ್ತು. ಭವನದ ಕಕ್ಕಸು ತೊಳೆಯುವ ಹೆಂಗಸಿಗೆ. ಬೆಳಿಗ್ಗೆಯೇ ಆಕೆಯನ್ನು ಕೇಳಿಕೊಂಡಿದ್ದರು, ಆಕೆ ನಾಚಿಕೊಂಡು ಒಪ್ಪಿದ್ದಳು, ಸ್ಟೇಜಿನ ಪಕ್ಕದ ಮೂಲೆಯಲ್ಲಿ ಕಾಯುತ್ತಿದ್ದಳು.

ಅಧ್ಯಕ್ಷರ ಕಣ್ಣು ಕಿರೀಟದ ಮೇಲೆ ಬಿತ್ತು. ಪೇಟ ಕೊಟ್ಟರೆ ಕಿರೀಟ ಕೊಡುತ್ತಾರೆ, ಸನ್ಮಾನಕ್ಕೆ ಪ್ರತಿ ಸನ್ಮಾನ ಎಂದುಕೊಂಡರೋ ಏನೋ. ಎತ್ತಿ ಏಜೆಂಟನ ತಲೆಗಿಟ್ಟರು. ಚಪ್ಪಾಳೆಯೋ ಚಪ್ಪಾಳೆ. ಅಜ್ಜಿ ಅರ್ಧ ಎದ್ದರು, ಏನೋ ಹೇಳಲು ಕೈ ಎತ್ತಿದರು. ಕೈ ಎತ್ತಿದ್ದು ಆಶೀರ್ವಾದ ಎಂದುಕೊಂಡು ಏಜೆಂಟ್ ತಲೆ ಬಗ್ಗಿಸಿದ. ಅದಕ್ಕೆ ಇನ್ನೊಮ್ಮೆ ಚಪ್ಪಾಳೆ. ಮೂಲೆಯಲ್ಲಿದ್ದ ಹೆಂಗಸು ಬಕೆಟ್ಟು ತೆಗೆದುಕೊಂಡು ಒಳಗೆ ಹೋದಳು.

ಇನ್ನು ತಡೆಯಲಾರೆ ಎಂದು ಅಡುಗೆಮನೆಯ ಹಿಂಬಾಗಿಲಿನಿಂದ ಒಳಗೆ ಹೋದೆ. ಕೋಸಿನ ತುಂಡುಗಳು ಸಿಂಕಿನ ತೂತಿಗೆ ಸಿಕ್ಕಿಕೊಂಡಿದ್ದವು. ಉಪಾಧ್ಯಕ್ಷರ ಹೆಂಡತಿ ಸೀರೆಯ ಸೆರಗಿನಿಂದ ಮೂಗು ಮುಚ್ಚಿಕೊಂಡು, ಸೌಟಿನ ಹಿಡಿಯಿಂದ ಅವನ್ನು ಒಳಕ್ಕೆ ತಳ್ಳುತ್ತಿದ್ದರು. ಪಕ್ಕದಲ್ಲಿ ಇನ್ನಿಬ್ಬರು ಕೈಗವಸು ಹಾಕಿಕೊಂಡು ನಿಂತಿದ್ದರು. ಸ್ಟೀಲ್ ಡಬರಿ ನೆಲದ ಮೇಲೆ ಬೋರಲಾಗಿತ್ತು.

"ಏನ್ ಮಾಡ್ತಿದೀರಾ?"

"ಯಾರೋ ಆ ಪೋರ್ಚುಗೀಸ್ ಅಜ್ಜಿ ಬೀಫ್ ತಂದು ಇಲ್ಲೇ ಇಟ್ಟುಬಿಟ್ಟಿದಾರೆ ಕಣ್ರೀ. ಪಕ್ಕದಲ್ಲೇ ನಮ್ಮ ಒಬ್ಬಟ್ಟು. ನನಗಂತೂ ವಾಸನೆಗೆ ವಾಂತಿ ಬರೋ ಹಾಗಾಯ್ತು."

ವಾಸನೆ! ಜೀರಿಗೆ, ಚಕ್ಕೆ, ಲವಂಗದ ವಾಸನೆ. ಪ್ರತಿ ಶನಿವಾರ ಅವರ ಮನೆಯ ಪಲಾವಿನಲ್ಲಿರುವ ವಾಸನೆ. ಕಡಲೆಕಾಳು ಕಣ್ಣೆದುರು ಬಿದ್ದಿದ್ದವು. ಮಾಂಸ ಇದೆಯೆಂದು ಮೊದಲೇ ತೀರ್ಮಾನಿಸಿದ ಮೂಗಿಗೆ ಮಾಂಸವೇ ನಾರಿತು.

"ಅದರಲ್ಲಿ ಇದ್ದದ್ದು ತರಕಾರಿ. ನಿಮಗೋಸ್ಕರ ಬೇರೆ ಪಾತ್ರೆ ಕೊಂಡು, ಈರುಳ್ಳಿನೂ ಹಾಕದೆ ಮಾಡಿದ್ದು," ಅಂದೆ.

ಆಕೆ ಸೆರಗು ಕೆಳಗಿಳಿಸಿದರು. ಮುಖದಲ್ಲಿ ನಾಚಿಕೆ ಬರುತ್ತದೆ ಎಂದು ಕಾದೆ. ಬಂದದ್ದು ನೆಮ್ಮದಿ.

"ಹೌದಾ? ಸದ್ಯ. ಸಿಂಕ್ ಮೈಲಿಗೆ ಆಯ್ತಲ್ಲ ಅಂತಿದ್ದೆ."

ಉಳಿದಿಬ್ಬರೂ ಕೈಗವಸು ಕಳಚಿದರು. ಥೂ, ಎಂಥ ಜನ. ಆ ಕ್ಷಣ ನನಗಾದ ಹೇಸಿಗೆಯನ್ನು ಯಾವ ಮೂಳೆ ಸಾರೂ ನನಗೆ ಹುಟ್ಟಿಸಿಲ್ಲ. ಸಾವಿರಾರು ಮೈಲಿ ವಿಮಾನ ಹತ್ತಿ ಬಂದು, ಕೌನ್ಸಿಲ್ಲಿನ ಬಾಡಿಗೆ ಭವನದ ಸಿಂಕಿಗೆ ಮಡಿ ಹುಡುಕುವ ನಮ್ಮನ್ನು ಏನೆಂದು ಬೈಯುವುದು?

ಅಷ್ಟರಲ್ಲಿ ಅಜ್ಜಿ ಬಾಗಿಲಲ್ಲಿ ನಿಂತಿದ್ದರು. ಶಾಲು, ಹಾರ, ಪೇಟ ಎಲ್ಲವೂ ಮೈಮೇಲೆ. ಬೋರಲಾದ ಡಬರಿ ಎತ್ತಿ ಒಳಗೆ ನೋಡಿದರು. ಕ್ಷಣಹೊತ್ತು ಅವರ ಕಣ್ಣು ಹೊಳೆಯಿತು. ಖಾಲಿಯಾಗಿದೆ, ಎಲ್ಲರೂ ಉಂಡಿದ್ದಾರೆ ಎಂದುಕೊಂಡರು. ಆಮೇಲೆ ಸಿಂಕ್ ನೋಡಿದರು.

"ಅವರು ಏನಂದ್ರು?" ಎಂದು ನನ್ನನ್ನು ಕೇಳಿದರು.

ನಾನು ಮುಚ್ಚಿಡಲಿಲ್ಲ. ಆ ಹೆಂಗಸಿನ ಮುಂದೆಯೇ, ಆಕೆಗೂ ಅರ್ಥವಾಗುವ ಇಂಗ್ಲಿಷಿನಲ್ಲಿ, ಆಡಿದ್ದನ್ನು ಆಡಿದ ಹಾಗೆ ಹೇಳಿದೆ. ಆಕೆ "ಅಯ್ಯೋ, ಹಾಗಲ್ಲ ಆಂಟಿ" ಎಂದು ಏನೋ ತೊದಲಿದರು. ಅಜ್ಜಿ ಪೇಟ ತೆಗೆದು ಕಟ್ಟೆಯ ಮೇಲಿಟ್ಟು, ಡಬರಿಯನ್ನು ಕಂಕುಳಿಗೇರಿಸಿಕೊಂಡು ಹೊರಗೆ ನಡೆದರು.

ಹೊರಗೆ ಗೇಟಿನ ಪಕ್ಕ ಕಾರಿನ ಡಿಕ್ಕಿ ತೆಗೆದೆವು. ಹಂಡೆ ಇನ್ನೂ ಬಿಸಿಯಾಗಿತ್ತು. ಅಜ್ಜಿ ಬಟ್ಟಲುಗಳಲ್ಲಿ ಬ್ರೆಡ್ಡು, ಪುದೀನಾ ಇಟ್ಟರು, ನಾನು ಸಾರು ಹೊಯ್ದೆ. ನಿಜ ಹೇಳುತ್ತೇನೆ, ಆವಿ ಮುಖಕ್ಕೆ ಹೊಡೆದಾಗ ಗಂಟಲಿಗೆ ಹುಳಿ ನೀರು ಬಂತು. ಉಸಿರು ಬಿಗಿಹಿಡಿದು ಹೊಯ್ದೆ. ಪಾಳಿ ಮುಗಿಸಿದ್ದ ಒಬ್ಬ ಬಸ್ ಡ್ರೈವರು ನಿಂತು ಎರಡು ಬಟ್ಟಲು ಉಂಡ. ಕಕ್ಕಸು ತೊಳೆಯುವ ಹೆಂಗಸನ್ನು ಅಜ್ಜಿ ಕರೆಸಿ ಉಣ್ಣಿಸಿದರು. ಮಸಾಲೆ ಅಂಗಡಿಯ ಹುಬ್ಬಳ್ಳಿ ಸಾಹೇಬರು ಹಾದುಹೋಗುತ್ತಿದ್ದವರು ನಿಂತರು. "ವೈನ್ ಹಾಕ್ಯಾರೇನ್ರಿ ಅಕ್ಕಾರ? ಹಂಗಾದ್ರ ನಮಗ ನಡಿಯಂಗಿಲ್ರಿ. ಬ್ರೆಡ್ ಕೊಡ್ರಿ, ತಿಂತೀನಿ," ಎಂದು ಬರಿ ಬ್ರೆಡ್ಡನ್ನೇ ಅಲ್ಲೇ ನಿಂತು ಅಗಿದು ತಿಂದು, ಅಜ್ಜಿಗೆ ಕೈಮುಗಿದು ಹೋದರು. ಬೇಡ ಅನ್ನುವುದಕ್ಕೂ ಒಂದು ರೀತಿ ಇದೆ. ನಮ್ಮ ಸಂಘದವರು ಒಬ್ಬಟ್ಟಿನ ಡಬ್ಬಿ ಹಿಡಿದು, ನಮ್ಮ ಕಾರಿನಿಂದ ದೂರ ಸುತ್ತಿಕೊಂಡು, ಮುಖ ಸಿಂಡರಿಸಿಕೊಂಡು ಹೋದರು. ಏಜೆಂಟ್ ಕಿರೀಟವನ್ನು ಕುರ್ಚಿಯ ಮೇಲೆ ಬಿಟ್ಟು ಹೋಗಿದ್ದ. ಹಂಡೆಯಲ್ಲಿ ಮುಕ್ಕಾಲು ಹಾಗೇ ಉಳಿಯಿತು.

ಸಂಜೆ ನಾನು ಅಜ್ಜಿಯನ್ನು ಮನೆಯೊಳಗೆ ಬಿಟ್ಟು ಹೊರಡುವಾಗ ತಡೆದರು. "ನೀನು ಉಂಡಿಲ್ಲ." ಬೇಡ ಅಂದರೂ ಕೇಳಲಿಲ್ಲ. ಉಳಿದಿದ್ದ ಅರ್ಧ ಕೋಸು ಹೆಚ್ಚಿ, ಒಂದು ಸಣ್ಣ ಪಾತ್ರೆಯಲ್ಲಿ ಅದೇ ತರಕಾರಿ ಸಾರನ್ನು ಮತ್ತೆ ಇಟ್ಟರು. ಬೆಳಗಿನಿಂದ ನಿಂತ ಅವರ ಕಾಲು ಊದಿಕೊಂಡಿತ್ತು. ಬ್ರೆಡ್ಡಿನ ಮೇಲೆ ಹೊಯ್ದು ಕೊಟ್ಟರು. ಉಪ್ಪು ಒಂದು ಕಲ್ಲು ಮುಂದಿತ್ತು. ಜ್ವರ ಬಂದಾಗ ಮನೆಯಲ್ಲಿ ಕೊಡುವ ತಿಳಿಸಾರಿನ ಹಾಗೆ, ಯಾರ ಹೊಟ್ಟೆಗೂ ಒಗ್ಗುವ, ಯಾರಿಗೂ ಏನೂ ಕೇಡು ಮಾಡದ ಸಾರು. ಇದನ್ನು ಸಿಂಕಿಗೆ ಸುರಿದರು. ನಾನು ಎರಡನೇ ಸಲವೂ ಹಾಕಿಸಿಕೊಂಡೆ.

ಆಗ ನನ್ನ ಫೋನು ಟಣ್ ಟಣ್ ಎನ್ನತೊಡಗಿತು. ಸಂಘದ ಗುಂಪಿನಲ್ಲಿ ಫೋಟೋಗಳು. ಯುಗಾದಿ ಭರ್ಜರಿ ಯಶಸ್ಸು, ಪೋರ್ಚುಗೀಸ್ ಬಾಂಧವರ ಜೊತೆ ಸೌಹಾರ್ದ ಸಂಗಮ. ಅಜ್ಜಿ ಕನ್ನಡಕ ಹಾಕಿಕೊಂಡು ಬಗ್ಗಿದರು. ತುಂಬಿ ತುಳುಕುವ ಸಭಾಂಗಣ, ಎಲ್ಲರ ಕೈಯಲ್ಲೂ ಪೇಪರ್ ತಟ್ಟೆ, ನಡುವೆ ಶಾಲು ಹೊದ್ದ ಅಜ್ಜಿ, ಪಕ್ಕದಲ್ಲಿ ಕಿರೀಟ ತೊಟ್ಟ ಏಜೆಂಟು. ಬೈಯುತ್ತಾರೆ ಎಂದುಕೊಂಡೆ. ಅಜ್ಜಿ ಬಹಳ ಹೊತ್ತು ನೋಡಿದರು.

"ಇದನ್ನ ನನ್ನ ತಂಗಿಗೆ ಕಳಿಸ್ತೀಯಾ?" ಅಂದರು. ಅಮೆರಿಕದ ಆ ಬಂದರು ಊರಿನಲ್ಲಿ ಅವರಿಗೆ ಉಳಿದಿರುವುದು ಆ ತಂಗಿಯೊಬ್ಬಳೇ. ಅಜ್ಜಿಯ ಮಗಳ ಹೆಸರಿನಲ್ಲಿ ದಿನಾ ಅಲ್ಲಿ ಮೇಣದ ಬತ್ತಿ ಹಚ್ಚುತ್ತಿದ್ದಾಳಂತೆ, ಹರಕೆ ಸಂದಿತು ಎಂಬ ಸುದ್ದಿ ಬರುವವರೆಗೆ.

ನಂಬರ್ ಕೊಟ್ಟರು. ಏನು ಬರೆಯಲಿ ಎಂದು ಕೇಳಿದೆ.

"ಇಷ್ಟು ಜನಾನೂ ಉಂಡ್ರು ಅಂತ ಬರಿ."

ಬರೆದೆ. ಅಜ್ಜಿ ಏಜೆಂಟನ ಮುಖದ ಮೇಲೆ ಬೆರಳಿಟ್ಟರು.

"ಇವನ್ಯಾರು ಅಂತ ಕೇಳ್ತಾಳೆ. ಈ ಊರಿನ ಒಬ್ಬ ಬಡವ ಅಂತ ಬರಿ."

ಅದನ್ನೂ ಬರೆದು ಕಳಿಸಿದೆ. ಕಳಿಸಿದ ಮೇಲೆ, ಅದೇ ಫೋನಿನಲ್ಲಿ, ಗುಂಪಿನಿಂದ ಹೊರಬಿದ್ದೆ.